ಕಚ್ಚಿದ ಗುರುತು

ಆಂಡರ್ಸನ್‌ಪೇಟೆಯ ಗುಜರಿ ಮುಖ್ತಿಯಾರ್
ತಕ್ಕಡಿಗೆ ಹಾಕುವ ಮುಂಚೆ ನನಗೊಂದು ಫೋನು ಹಚ್ಚುತ್ತಾನೆ:
"ಬಾರಣ್ಣ, ನಿನ್ನ ಹೊಗೆ ನಳಿಗೆ ಬಂದೈತೆ."
ಮಿಕ್ಸಿಯ ಹೊಟ್ಟೆ, ಕುಕ್ಕರಿನ ಮುಚ್ಚಳ, ಫ್ಯಾನಿನ ತಾಮ್ರದ ನಡುವೆ
ಮೂಗು ಕೆಳಗಾಗಿ ಬಿದ್ದಿತ್ತು ಪೈಪು.
ನೂರು ಕೇಳಿದ. ಎಪ್ಪತ್ತಕ್ಕೆ ಇಳಿದ, ಜೊತೆಗೊಂದು ಟೀ.

ನಾನು ಸೇದುವುದಿಲ್ಲ.
ರಾಬರ್ಟ್‌ಸನ್‌ಪೇಟೆಯಲ್ಲಿ ಕಟ್ಟುಹಲ್ಲು ಮಾಡುವುದು ಕಸುಬು,
ಅಪ್ಪನದೂ ಅದೇ.
ಅಪ್ಪನ ಗುರುವಿನ ಕಾಲಕ್ಕೆ
ಕಟ್ಟುಹಲ್ಲಿನ ಒಸಡು, ಪೈಪಿನ ಬಾಯಿ
ಎರಡೂ ಒಂದೇ ರಬ್ಬರು,
ಗಂಧಕ ಕುಡಿಸಿ ಬೇಯಿಸಿದ್ದು.
ಹಾಗಾಗಿ ಇದನ್ನು ಹವ್ಯಾಸ ಅಂದರೆ ತಪ್ಪಾದೀತು,
ದೂರದ ದಾಯಾದಿಗಳನ್ನು ಹುಡುಕುತ್ತಿದ್ದೇನೆ ಅಷ್ಟೆ.

ಮೊದಲು ಬೆಳ್ಳಿಯ ಪಟ್ಟಿ.
ಹಲ್ಲುಪುಡಿ ಹಚ್ಚಿ ಹೆಬ್ಬೆರಳಲ್ಲಿ ತಿಕ್ಕಿದೆ.
ಕಪ್ಪಿನೊಳಗಿಂದ ಒಂದು ಲಂಗರು ಎದ್ದಿತು,
ಪಕ್ಕದಲ್ಲಿ ಕಾಲೆತ್ತಿ ನಡೆವ ಸಿಂಹ,
ಗುರಾಣಿಯೊಳಗೆ ಮುದುರಿ ಕೂತ ಸಣ್ಣ ಜಿ.
ಲಂಗರೆಂದರೆ ಬರ್ಮಿಂಗ್‌ಹ್ಯಾಮ್,
ಕಡಲೇ ಇಲ್ಲದ ಊರು
ಕಡಲೇ ಕಾಣದ ಊರಿಗೆ ಕಳಿಸಿದ ಲಂಗರು.
ಜಿ ಎಂದರೆ ಸಾವಿರದ ಒಂಬೈನೂರ ಆರು.
ಬೆಳ್ಳಿಗೆ ವಯಸ್ಸು ಸಿಕ್ಕಿತು.
ಹೊಗೆಯ ವಯಸ್ಸು ಹೇಳುವ ಅಕ್ಷರ ಎಲ್ಲೂ ಇರಲಿಲ್ಲ.

ಬಟ್ಟಲಿನೊಳಗೆ ಇದ್ದಿಲ ಗೋಡೆ, ಕಿರುಬೆರಳೂ ಇಳಿಯದು.
ಕೆರೆದೆ.
ಹಳೆಯ ಪಂಚಾಂಗದ ಹಾಳೆ ಮೇಲೆ ಪುಡಿ ಗುಡ್ಡೆಯಾಯಿತು,
ಕಿಟಕಿಯಾಚೆಗಿನ ಸೈನೈಡ್ ಗುಡ್ಡದ ಮರಿಯಂತೆ.
ಕಲ್ಲುಪ್ಪು ತುಂಬಿ, ಸ್ಪಿರಿಟ್ಟು ಹನಿಸಿ ರಾತ್ರಿಯಿಡೀ ಬಿಟ್ಟೆ.
ಬೆಳಗ್ಗೆ ಉಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.
ಯಾರದೋ ಎಷ್ಟೋ ಸಂಜೆಗಳನ್ನು
ಚಮಚದಲ್ಲಿ ತೋಡಿ ಬಚ್ಚಲಿಗೆ ಚೆಲ್ಲಿದೆ.
ಮಗಳು ಮೂಗು ಹಿಡಿದು ಓಡಿದಳು.

ಆಮೇಲೆ ಬಾಯಿ.
ಪಾಚಿ ಹಿಡಿದಂತೆ ಹಸಿರುಗಟ್ಟಿತ್ತು.
ನೀರುಕಾಗದದಲ್ಲಿ ಉಜ್ಜುತ್ತ ಹೋದಂತೆ ಕಪ್ಪು ಬಂತು,
ಕಪ್ಪಿನಲ್ಲಿ ಹಲ್ಲು ಕಂಡವು.
ಹಲ್ಲು ಓದುವುದು ನನಗೆ ಬರುತ್ತದೆ.
ಎಡಗಡೆ ಕಚ್ಚಿದವನದು ನೆಟ್ಟಗಿನ ಕೋರೆ,
ಆತುರವಿಲ್ಲದ ಕಡಿತ,
ಬಂಗಲೆಯ ವರಾಂಡ, ಬೆತ್ತದ ಕುರ್ಚಿ, ಊಟ ಮುಗಿದಿದೆ.
ಬಲಗಡೆ ಇನ್ನೊಬ್ಬ.
ಮುಂಬಲ್ಲು ಓರೆಯಾಗಿ ಮುರಿದಿದೆ,
ದವಡೆಯ ಬಲವನ್ನೆಲ್ಲ ಹಾಕಿದ್ದಾನೆ.
ಹೊಗೆಗೋಸ್ಕರ ಯಾರೂ ಹೀಗೆ ಕಚ್ಚುವುದಿಲ್ಲ.

ತಳದ ಕೊಳೆ ಒರೆಸಿದರೆ ಮೊಳೆಯಿಂದ ಗೀಚಿದ ಅಂಕಿ:
ನಾಲ್ಕು ಒಂದು ಏಳು ಎರಡು.
ಗಣಿಗೆ ಇಳಿಯುವವರ ಹಿತ್ತಾಳೆ ಬಿಲ್ಲೆಯ ನಂಬರಿನ ಥರ.
ಸಾಹೇಬ ಕೊಟ್ಟನೋ, ಇವನು ಎತ್ತಿಕೊಂಡನೋ,
ಬೇರಿನ ಮರಕ್ಕೆ ಅದು ಗೊತ್ತಿರಬಹುದು. ಹೇಳಲಿಲ್ಲ.

ರಬ್ಬರಿಗೆ ಒಂದು ಗುಣವುಂಟು.
ದೀಪದ ಶಾಖ ಹದವಾಗಿ ತಾಗಿದರೆ
ತಗ್ಗುಗಳು ತಾವಾಗಿ ಉಬ್ಬಿ
ಅಚ್ಚಿನಿಂದ ಎದ್ದ ದಿನದ ಮೈಗೆ ಮರಳುತ್ತವೆ,
ಯಾರೂ ಕಚ್ಚಿಯೇ ಇರಲಿಲ್ಲವೆಂಬಂತೆ.
ದೀಪ ಹಚ್ಚಿದೆ. ಕೈ ಮುಂದಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಅಂಜಲೈ ಬಂದಳು, ಮಾರಿಕುಪ್ಪದವಳು,
ಮೇಲಿನ ಸೆಟ್ಟು ರೆಡಿಯಾಗಿತ್ತು, ಕೂರಿಸಿದೆ.
ನಂಬರು ತೋರಿಸಿ ಕೇಳಿದೆ, ಇದು ಯಾರದಿರಬಹುದು?
"ನಂಬರ್ ಕೇಳಿದ್ರೆ ಏನ್ ಹೇಳ್ಲಿ? ನಂಬರು ಎಲ್ರಿಗೂ ಇತ್ತು."
ತಿರುಗಿಸಿ ನೋಡಿದಳು.
"ನಮ್ಮ ಮಾವ ಕೆಳಗೆ ಮರ ಕೊಡೋ ಕೆಲಸ.
ಬಂಡೆ ಸಿಡಿಯೋ ಸದ್ದಿಗೆ ಬಾಯಲ್ಲಿ ಏನಾದ್ರೂ ಕಚ್ಚಿರ್ತಿದ್ದ,
ಮರದ ಚಕ್ಕೆನೋ, ಅಂಗಿ ಕಾಲರ್ರೋ.
ಬೀಡಿ ಆದ್ರೆ ತುಂಡಾಗ್ತದೆ ಅಂತಿದ್ದ."

ಹಾಗೆಂದವಳೇ ಪೈಪನ್ನು ಬಾಯಿಗಿಟ್ಟು,
ನಾನು ಅಯ್ಯೋ ಎನ್ನುವುದರೊಳಗೆ,
ಹೊಸ ಹಲ್ಲಿನಿಂದ ಕಟಕ್ಕನೆ ಕಚ್ಚಿದಳು,
ಸರಿಯಾಗಿ ನಡುಮಧ್ಯಕ್ಕೆ.
"ಹುಂ. ಗಟ್ಟಿ ಕೂತೈತೆ."

ದೀಪ ಆರಿಸಿದೆ.
ಜೇನುಮೇಣ ಹಚ್ಚಿ, ಬಟ್ಟೆಯಲ್ಲಿ ಸುತ್ತಿ,
ಚೀಟಿಯಲ್ಲಿ ಬರೆದೆ: ಬೆಳ್ಳಿ, ಆರು.
ಹಲ್ಲು, ಮೂವರದು.
ಕೆಳಗೆ, ಮರೆಯದಿರಲೆಂದು:
ಅಂಜಲೈ, ಬಾಕಿ ಇನ್ನೂರು.